ಹೊಸ ಸೈಲೆನ್ಸರ್ ಎಷ್ಟು ಕಾಯಬೇಕು?

ಹಾಸನದಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಆಲೂರು ತಾಲ್ಲೂಕಿನ ಪಾಳ್ಯ ದಾಟಿದರೆ ಬಾಳ್ಳುಪೇಟೆ, ಸಕಲೇಶಪುರ, ಅದರಾಚೆ ಶಿರಾಡಿ ಘಾಟಿ. ತಿಂಗಳುಗಟ್ಟಲೆ ಸುರಿಯುವ ಮಳೆ, ತೋಟದ ದಾರಿಯ ಕೆಸರು ಈ ಭಾಗದ ಕಾರುಗಳ ಸೈಲೆನ್ಸರನ್ನು ಬೇಗ ತಿಂದುಹಾಕುತ್ತವೆ. ತುಕ್ಕು ಹಿಡಿದು ತೂತುಬಿದ್ದದ್ದನ್ನು ತೆಗೆಸಿ ಹೊಸದು ಹಾಕಿಸಿಕೊಂಡವರು ಮನೆ ತಲುಪಿ ಕಾರಿನಡಿ ಬಗ್ಗಿ ನೋಡಿದರೆ ಗಾಬರಿಯಾಗುವುದು ಸಹಜ. ಕೊಳವೆಯ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ, ಸಣ್ಣಗೆ ಏಳುವ ಹೊಗೆ, ಸುಟ್ಟ ವಾಸನೆ. ಇಷ್ಟೊಂದು ಕಾಯಬೇಕೇ?

ಕಾಯಲೇಬೇಕು. ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಮೂರನೇ ಒಂದು ಪಾಲಿಗಿಂತ ಕಡಿಮೆ. ಹೆಚ್ಚುಕಡಿಮೆ ಇನ್ನೊಂದು ಪಾಲನ್ನು ರೇಡಿಯೇಟರ್ ಗಾಳಿಗೆ ಬಿಡುತ್ತದೆ. ಮತ್ತೊಂದು ಪಾಲು ಬಿಸಿ ಅನಿಲವಾಗಿ ಸೈಲೆನ್ಸರ್ ಮೂಲಕವೇ ಹೊರಗೆ ಹೋಗಬೇಕು. ಎಂಜಿನ್ನಿಗೆ ಅಂಟಿಕೊಂಡ ಮ್ಯಾನಿಫೋಲ್ಡ್ ಎಂಬ ಭಾಗದಲ್ಲಿ ಅನಿಲದ ಉಷ್ಣತೆ ಕಾರು ನಿಂತು ಉರಿಯುವಾಗಲೇ 300–400 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಗುಂಡ್ಯದಿಂದ ಸಕಲೇಶಪುರದತ್ತ ತುಂಬಿದ ಕಾರು ಘಾಟಿ ಹತ್ತುವಾಗ 800 ಡಿಗ್ರಿಯನ್ನೂ ಮೀರಬಹುದು. ಅದೇ ಅನಿಲ ಹಿಂದಿನ ತುದಿಗೆ ಬರುವಷ್ಟರಲ್ಲಿ ಬಹಳ ತಣಿದಿರುತ್ತದೆ. ಆದರೂ ಹಿಂಬದಿಯ ಡಬ್ಬ ನೂರು ಡಿಗ್ರಿ ದಾಟುವುದು ಮಾಮೂಲು. ಘಾಟಿ ಇಳಿಯುವಾಗ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಧನವೇ ನಿಲ್ಲುವುದರಿಂದ ಕೊಳವೆ ತಣಿಯುತ್ತದೆ.

ಈ ಬಿಸಿಗೆ ಕೆಲಸವೂ ಉಂಟು. ಕೊಳವೆಯ ನಡುವೆ ಕೂತಿರುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಜೇನುಹುಟ್ಟಿನಂಥ ಸಣ್ಣ ಕಂಡಿಗಳ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ ಇದೆ. ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಅದು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ಉರಿಯದೆ ಉಳಿದ ಇಂಧನವನ್ನು ಸುಡುತ್ತದೆ. ಸುಮಾರು 250–300 ಡಿಗ್ರಿ ಕಾಯುವವರೆಗೆ ಅದು ಸರಿಯಾಗಿ ಕೆಲಸ ಶುರು ಮಾಡುವುದೇ ಇಲ್ಲ. ಶುರುವಾದ ಮೇಲೆ ಆ ಕ್ರಿಯೆಯಿಂದಲೇ ಇನ್ನಷ್ಟು ಶಾಖ ಹುಟ್ಟುತ್ತದೆ. ಭಾರತದಲ್ಲಿ ಈ ಸಾಧನ ಮೊದಲು ಕಡ್ಡಾಯವಾದದ್ದು 1995ರಲ್ಲಿ, ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ. ಸೀಸ ತಗುಲಿದರೆ ಲೇಪ ಹಾಳಾಗುವುದರಿಂದ ಸೀಸವಿಲ್ಲದ ಪೆಟ್ರೋಲೂ ಆಗ ಬೇಕಾಯಿತು. 2000ದಲ್ಲಿ ಸೀಸವಿಲ್ಲದ ಪೆಟ್ರೋಲ್ ದೇಶಕ್ಕೆಲ್ಲ ಬಂತು.

ಬಿಸಿ ಸೈಲೆನ್ಸರನ್ನು ಒಣಗಿಸುತ್ತದೆ ಕೂಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಡುತ್ತದೆ. ಬೆಳಗಿನ ಚಳಿಯಲ್ಲಿ ಕೊಳವೆಯ ತುದಿಯಿಂದ ನೀರು ತೊಟ್ಟಿಕ್ಕುವುದು ಇದರಿಂದಲೇ. ಪೇಟೆಗೆ ಹೋಗಿ ಹತ್ತೇ ನಿಮಿಷಕ್ಕೆ ಹಿಂತಿರುಗುವ ಕಾರಿನಲ್ಲಿ ಡಬ್ಬ ಪೂರ್ತಿ ಕಾಯುವುದಿಲ್ಲ. ನೀರು ಒಳಗೇ ಉಳಿದು, ಆಮ್ಲದ ಜೊತೆ ಸೇರಿ ತಗಡನ್ನು ಕೊರೆಯುತ್ತದೆ. ಹೊರಗಿನ ಮಳೆಯಷ್ಟೇ ಒಳಗಿನ ಈ ನೀರೂ ಮಲೆನಾಡಿನ ಸೈಲೆನ್ಸರಿಗೆ ಶತ್ರು.

ಹಾಗಾದರೆ ಹೊಸದರಲ್ಲಿ ಹೊಗೆ ಏಕೆ? ತುಕ್ಕು ಹಿಡಿಯದಿರಲೆಂದು ಹಚ್ಚಿದ ಎಣ್ಣೆ, ಮೇಲಿನ ಬಣ್ಣ, ಜೋಡಿಸುವಾಗ ಮೆತ್ತಿದ ಗ್ರೀಸು ಮೊದಲ ಸಲ ಕಾದಾಗ ಸುಟ್ಟುಹೋಗುತ್ತವೆ. ಒಂದೆರಡು ದೂರದ ಓಡಾಟದಲ್ಲಿ ಇದು ನಿಲ್ಲಬೇಕು. ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ಕಂದು, ನೀಲಿಗೆ ತಿರುಗಿದರೂ ಚಿಂತೆಯಿಲ್ಲ. ಶಾಖಕ್ಕೆ ಮೇಲ್ಮೈಯಲ್ಲಿ ಹುಟ್ಟುವ ಆಕ್ಸೈಡ್ ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ, ಅಷ್ಟೆ. ಇನ್ನು, ಒಂದು ಮೀಟರ್ ಉದ್ದದ ಅಂಥ ಕೊಳವೆ 400 ಡಿಗ್ರಿ ಕಾದರೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ. ಅದಕ್ಕೇ ಅದನ್ನು ಬಿಗಿಯಾಗಿ ಬಂಧಿಸದೆ ರಬ್ಬರಿನಲ್ಲಿ ತೂಗುಹಾಕಿರುತ್ತಾರೆ. ಕಾರು ನಿಂತ ಮೇಲೆ ಕೇಳುವ ಟಿಕ್ ಟಿಕ್ ಸದ್ದು ಲೋಹ ತಣಿದು ಕುಗ್ಗುವ ಸದ್ದು.

ಗಾಬರಿಪಡಬೇಕಾದ ಸಂಗತಿಗಳು ಬೇರೆ ಇವೆ. ಸಾಧಾರಣ ಓಟದಲ್ಲೇ ಕನ್ವರ್ಟರ್ ಕೆಂಪಗೆ ಹೊಳೆದರೆ, ಎಂಜಿನ್ ಜರ್ಕ್ ಹೊಡೆದು ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಮಿಣುಕಿದರೆ, ಸ್ಪಾರ್ಕ್ ಪ್ಲಗ್ಗಿನ ದೋಷದಿಂದ ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿಯುತ್ತಿರಬಹುದು. ಆಗ ಪಿಂಗಾಣಿಯೇ ಕರಗಿ ದಾರಿ ಕಟ್ಟಿಕೊಳ್ಳುತ್ತದೆ, ಕಾರು ಏರಿನಲ್ಲಿ ಎಳೆಯುವುದಿಲ್ಲ. ಕಾಲಡಿಯ ನೆಲ ಬಿಸಿಯಾದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಹಳೆಯದನ್ನು ಬಿಚ್ಚಿದಾಗ ತೆಗೆದ ಶಾಖ ತಡೆಯುವ ತಗಡನ್ನು ಮರಳಿ ಹಾಕಿಲ್ಲವೇನೋ ನೋಡಿಸಬೇಕು. ಜೋಡಣೆಯ ಬಳಿ ಪುಸುಪುಸು ಸದ್ದು, ಕಪ್ಪು ಮಸಿ ಕಂಡರೆ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ. ಅಲ್ಲಿಂದ ಸೋರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಜು ಏರಿಸಿಕೊಂಡು ಮಳೆಯಲ್ಲಿ ಹೋಗುವವರ ಪ್ರಾಣಕ್ಕೇ ಅದು ಅಪಾಯ.

ಇನ್ನೊಂದು ಅಪಾಯ ರಸ್ತೆಯ ಮೇಲಿದೆ. ಪಾಳ್ಯದಿಂದ ಪೂರ್ವಕ್ಕೆ ಬಯಲಿನತ್ತ ಹೋದರೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯಲ್ಲೇ ಹರಡಿ ಒಕ್ಕಣೆ ಮಾಡುವ ರೂಢಿಯಿದೆ. ಆ ಹುಲ್ಲು, ಬಳ್ಳಿ ಕಾರಿನಡಿಯ ಶಾಫ್ಟಿಗೆ ಸುತ್ತಿಕೊಂಡು ಕೊಳವೆಗೆ ಒತ್ತಿಕೊಳ್ಳುತ್ತದೆ. ಒಣಹುಲ್ಲು ಹೊತ್ತಲು ಸುಮಾರು 300 ಡಿಗ್ರಿ ಸಾಕು. ಓಡಿ ಕಾದ ಕಾರಿನ ಕನ್ವರ್ಟರಿನ ಬಳಿ ಅಷ್ಟು ಬಿಸಿ ಇರಬಹುದು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಮಾಲಿನ್ಯ ನಿಯಮದ ಡೀಸೆಲ್ ಕಾರುಗಳು ತಮ್ಮ ಮಸಿ ಸೋಸಕವನ್ನು ಆಗಾಗ ಸುಮಾರು 600 ಡಿಗ್ರಿಗೆ ಕಾಯಿಸಿ ತಾವೇ ಶುಚಿ ಮಾಡಿಕೊಳ್ಳುವುದರಿಂದ ಡೀಸೆಲ್ ಕಾರಿನವರೂ ನಿಶ್ಚಿಂತರಲ್ಲ.

ಆದ್ದರಿಂದ ಹೊಸ ಸೈಲೆನ್ಸರ್ ಕಾದಿತೆಂದು ಹೆದರಬೇಡಿ. ಹೊಗೆ ಒಂದೆರಡು ದಿನದಲ್ಲಿ ನಿಲ್ಲದಿದ್ದರೆ ಹಾಕಿದ ಮೆಕ್ಯಾನಿಕ್ ಬಳಿಗೇ ಒಯ್ದು, ತಗಡು, ಗ್ಯಾಸ್ಕೆಟ್, ರಬ್ಬರು ಮೂರನ್ನೂ ನಿಮ್ಮೆದುರೇ ನೋಡಿಸಿ. ಒಕ್ಕಣೆಯ ಹುಲ್ಲಿನ ಮೇಲೆ ಹಾಯಲೇಬೇಕಾಗಿ ಬಂದರೆ, ದಾಟಿದ ಕೂಡಲೇ ನಿಲ್ಲಿಸಿ ಕಾರಿನಡಿ ಬಗ್ಗಿ ನೋಡಿ. ರೈತ ಬಂಧುಗಳು ಒಕ್ಕಣೆಯನ್ನು ರಸ್ತೆ ಬಿಟ್ಟು ಕಣದಲ್ಲೇ ಮಾಡಿದರೆ ಕಾರಿಗೂ ಕಾಳಿಗೂ ಕ್ಷೇಮ.