ಊರು ಸತ್ತವರಿಗೆ ಕೊಟ್ಟ ಮಾತು

ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವ ಒಂದು ಕಲ್ಲಿನ ನೆತ್ತಿಯಲ್ಲಿ ನಾಯಿಯೊಂದು ಕಾಡುಹಂದಿಯ ಮೇಲೆ ಎರಗಿ ನಿಂತಿದೆ. ನಾಯಿಯ ಹೆಸರು ಕಾಳಿ. ಅದು ಸತ್ತು ಸಾವಿರ ವರ್ಷದ ಮೇಲಾಯಿತು. ಹೆಸರು ಮಾತ್ರ ಉಳಿದಿದೆ.

ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆಯಿತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಕೃಷ್ಣ ಮೆಚ್ಚಿ ಅವನಿಗೆ ಬನವಾಸಿಯಂಥ ನಾಡುಗಳನ್ನೇ ಬಿಟ್ಟುಕೊಟ್ಟ. ಬೂತುಗನ ಕಡೆಯ ಮಣಲೇರ ಎಂಬ ವೀರನೂ ಆ ಯುದ್ಧದಲ್ಲಿ ಕಾದಿದ್ದ. ಏನು ಬೇಕೋ ಕೇಳು ಎಂದು ಒಡೆಯ ಹೇಳಿದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿಯನ್ನು ಕೊಡಿ ಎಂದ. ಆ ನಾಯಿಯನ್ನು ಮುಂದೊಂದು ದಿನ ಹಂದಿಯ ಮೇಲೆ ಬಿಟ್ಟರು. ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟರು. ಆ ಗುಡಿಯ ಪೂಜಾರಿಯಾದ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಬರಲಿ ಎಂದು ಕೊನೆಯಲ್ಲಿ ಕೆತ್ತಿಸಿದರು.

ಈ ಕಲ್ಲನ್ನು ನಾವು ನೆನೆಯುವುದು ಹೆಚ್ಚಾಗಿ ತಕ್ಕೋಲದ ಯುದ್ಧದ ಆಧಾರವಾಗಿ. ಕಲ್ಲನ್ನು ನಿಲ್ಲಿಸಿದ್ದು ಮಾತ್ರ ನಾಯಿಗಾಗಿ. ಕನ್ನಡದ ಸಾವಿರಾರು ಶಾಸನಗಳನ್ನು ಓದುವಾಗ ಈ ವ್ಯತ್ಯಾಸವನ್ನು ಮರೆಯಬಾರದು ಎಂದು ನನಗೆ ಅನ್ನಿಸುತ್ತದೆ. ರಾಜನ ಹೆಸರು, ಬಿರುದು, ವಂಶ ಇವೆಲ್ಲ ಅಲ್ಲಿ ಹೆಚ್ಚಿನಂಶ ಕಾಲ ಹೇಳುವ ಪೀಠಿಕೆ. ಅದು ಮುಗಿದ ಮೇಲೆ ಬರುವ ಹೆಸರಿನವರಿಗಾಗಿಯೇ ಕಲ್ಲು ಕಡೆದದ್ದು. ಊರು ಆ ಹೆಸರಿಗೆ ಒಂದು ಮಾತು ಕೊಟ್ಟಿದೆ, ಅದನ್ನು ತಪ್ಪದಂತೆ ನೋಡಿಕೊಳ್ಳಲು ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆದಿದೆ.

ಇಷ್ಟು ಹೆಸರುಗಳು ಇಂದು ನಮ್ಮ ಕೈಗೆ ಸಿಗುತ್ತಿರುವುದು ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಮಾಲೆಯಿಂದ. ಅದನ್ನು ಕಟ್ಟಿದವರು ಬೆಂಜಮಿನ್ ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅವರು ಮಿಷನರಿಯೊಬ್ಬರ ಮಗ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದು ಶಾಲೆಗಳ ತಪಾಸಣೆಗೆ ಊರೂರು ತಿರುಗುವಾಗ ಕಲ್ಲುಗಳ ನಂಟು ಬೆಳೆಯಿತು. 1865ರಲ್ಲಿ ಮೇಜರ್ ಡಿಕ್ಸನ್ ತೆಗೆದ ಶಾಸನಗಳ ಛಾಯಾಚಿತ್ರಗಳನ್ನು ಓದುವುದರಿಂದ ಶುರುವಾದ ಕೆಲಸ 1879ರಲ್ಲಿ ಒಂದು ಪುಸ್ತಕವಾಯಿತು. 1885ರಲ್ಲಿ ಸಂಸ್ಥಾನ ಪುರಾತತ್ವ ಸಂಶೋಧನೆಯ ಹೊಣೆಯನ್ನು ಅವರಿಗೆ ವಹಿಸಿತು. ಮರುವರ್ಷವೇ ಕೊಡಗಿನ ಶಾಸನಗಳ ಮೊದಲ ಸಂಪುಟ ಬಂತು, 1889ರಲ್ಲಿ ಶ್ರವಣಬೆಳಗೊಳದ್ದು. 1905ರ ಹೊತ್ತಿಗೆ ಮೈಸೂರು, ಹಾಸನ, ಕಡೂರು, ಶಿವಮೊಗ್ಗ, ಬೆಂಗಳೂರು, ಕೋಲಾರ, ಚಿತ್ರದುರ್ಗ, ತುಮಕೂರು ಎಂದು ಜಿಲ್ಲೆವಾರು ಒಟ್ಟು 12 ಸಂಪುಟಗಳು, ಸುಮಾರು 9,000 ಶಾಸನಗಳು. ಹೆಚ್ಚಿನವಕ್ಕೆ ಕನ್ನಡ ಅಕ್ಷರದಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ. ಮುಂದೆ ಆರ್. ನರಸಿಂಹಾಚಾರ್ಯರು ಶ್ರವಣಬೆಳಗೊಳದ ಸಂಪುಟವನ್ನು 1923ರಲ್ಲಿ ಪರಿಷ್ಕರಿಸಿದರು. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊಸ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು.

ಈ ಸಂಪುಟಗಳ ವಿಶೇಷ ಅವುಗಳ ಜೋಡಣೆಯಲ್ಲಿದೆ. ಶಾಸನಗಳನ್ನು ರಾಜವಂಶದ ಪ್ರಕಾರ ಇಟ್ಟಿಲ್ಲ, ತಾಲ್ಲೂಕಿನ ಪ್ರಕಾರ ಇಟ್ಟು ಸಂಖ್ಯೆ ಕೊಟ್ಟಿದ್ದಾರೆ. ರೈಸ್ ಅವರ ಸಂಪುಟದಲ್ಲಿ ಆತಕೂರಿನ ಕಾಳಿಯ ವಿಳಾಸ, ಆಗಿನ ತಾಲ್ಲೂಕಿನ ಪ್ರಕಾರ, ‘ಮಂಡ್ಯ 41’. ಹಾಗಾಗಿ ಯಾವ ಓದುಗನೂ ಮೊದಲು ಮಾಡುವ ಕೆಲಸ ಒಂದೇ, ತನ್ನ ಊರಿನ ಹೆಸರು ಹುಡುಕುವುದು. ನಾನೂ ಹಾಗೇ ಮಾಡಿದೆ. ನನ್ನ ತಾಯಿಯ ಊರಿನ ಕೆರೆಯ ಸೋಪಾನದ ಪಕ್ಕದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲಿಗೂ ಅಲ್ಲಿ ಒಂದು ಸಂಖ್ಯೆ ಇತ್ತು. ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಕಲ್ಲು ಅದು. ಬೇಸಿಗೆ ರಜೆಗಳಲ್ಲಿ ಎಷ್ಟು ಸಲ ಅದರ ಮೇಲೆ ಕೂತು ಕಾಲು ತೊಳೆದಿದ್ದೆನೋ.

ಕಲ್ಲಿನ ಮೇಲಿನ ಬರಹ ಪುಸ್ತಕಕ್ಕೆ ಬರುವ ದಾರಿಯಲ್ಲಿ ಒಂದು ಕೈಕಸುಬಿದೆ. ಅದಕ್ಕೆ ಪಡಿಯಚ್ಚು ತೆಗೆಯುವುದು ಎನ್ನುತ್ತಾರೆ. ಒಮ್ಮೆ ಪಕ್ಕದಲ್ಲೇ ಕೂತು ಇಡೀ ಕೆಲಸ ನೋಡಿದ್ದೇನೆ. ಮೊದಲು ಕಲ್ಲಿನ ಮೇಲಿನ ಹಾವಸೆ, ಸುಣ್ಣ, ವರ್ಷಗಟ್ಟಲೆಯ ಎಣ್ಣೆಜಿಡ್ಡು ಹೋಗುವಂತೆ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ. ಆಮೇಲೆ ನೀರಿನಲ್ಲಿ ನೆನೆಸಿದ ಕಾಗದವನ್ನು ಕಲ್ಲಿಗೆ ಹೊದಿಸಿ, ಗಡುಸು ಕೂದಲಿನ ಬ್ರಷ್ಷಿನಿಂದ ಬಡಿಯುತ್ತಾ ಹೋಗುತ್ತಾರೆ. ಕಾಗದ ಅಕ್ಷರದ ಗುಳಿಗಳೊಳಕ್ಕೆ ಇಳಿಯಬೇಕು, ಹರಿಯಬಾರದು. ಜೋರಾಗಿ ಬಡಿದರೆ ಕಾಗದ ಹೋಯಿತು, ಮೆತ್ತಗೆ ಬಡಿದರೆ ಅಕ್ಷರ ಹೋಯಿತು. ಕಾಗದ ಅರೆಒಣಗಾದಾಗ ಬಟ್ಟೆಯ ಉಂಡೆಯನ್ನು ಮಸಿಯಲ್ಲಿ ಅದ್ದಿ ಮೇಲಿಂದ ಮೆಲ್ಲಗೆ ಒತ್ತುತ್ತಾರೆ. ಉಬ್ಬಿದ ಕಡೆ ಕಪ್ಪಾಗುತ್ತದೆ, ಗುಳಿ ಬೆಳ್ಳಗೆ ಉಳಿಯುತ್ತದೆ. ಅಲ್ಲಿಯವರೆಗೆ ಬರೀ ಗೀರುಗಳಂತೆ ಕಾಣುತ್ತಿದ್ದದ್ದು ಕಪ್ಪು ಹಲಗೆಯ ಮೇಲಿನ ಬಿಳಿ ಅಕ್ಷರವಾಗಿ ಸಾಲುಸಾಲಾಗಿ ಏಳುತ್ತದೆ. ಕಾಗದವನ್ನು ಬಿಡಿಸಿ, ಒಣಗಿಸಿ, ಮಡಿಸಿ ಒಯ್ದರೆ ಕಲ್ಲೇ ಮನೆಗೆ ಬಂದಂತೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಅಲ್ಲಿ ಇಂಥ ಪಡಿಯಚ್ಚುಗಳು ಸಾವಿರಾರು ಇವೆ. ಕಲ್ಲು ಕಳೆದುಹೋದರೂ ಕಾಗದ ಉಳಿದ ಉದಾಹರಣೆಗಳಿವೆ. ಈ ಕೆಲಸ ಮಾಡಿದ ಕೈಗಳ ಹೆಸರು ಹೆಚ್ಚಾಗಿ ಎಲ್ಲಿಯೂ ಇಲ್ಲ.

ಈ ಕಲ್ಲುಗಳಲ್ಲಿ ವೀರಗಲ್ಲುಗಳು ಬಹಳ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆಯೋ ಜಿನನ ಮುಂದೆಯೋ ಕೂತ ಅದೇ ವೀರ. ಸತ್ತ ಕಾರಣಗಳನ್ನು ನೋಡಿದರೆ ಊರಿನ ಬದುಕು ಕಣ್ಣಿಗೆ ಕಟ್ಟುತ್ತದೆ. ತುರುಗೊಳ್ ಎಂದರೆ ದನಗಳನ್ನು ಹೊಡೆದುಕೊಂಡು ಹೋದದ್ದು. ಊರಳಿವು ಎಂದರೆ ಊರಿಗೇ ಬಂದ ನಾಶ. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮಾನಕ್ಕೆ ಕೈಹಾಕಿದಾಗ ಎದ್ದ ಕೂಗು. ಇಂಥ ಕೂಗು ಕೇಳಿ ಎದ್ದು ಓಡಿದವರಲ್ಲಿ ಅರಸುಮಕ್ಕಳು ಕಡಿಮೆ. ಸತ್ತವನ ಮನೆಯವರಿಗೆ ಭೂಮಿ ಕೊಡುವುದಿತ್ತು. ಗೆದ್ದು ಬಂದವನ ಕತ್ತಿ ತೊಳೆದು ಕೊಡುವ ಭೂಮಿಗೆ ಬಾಳ್ಗಳ್ಚು ಎಂದು ಹೆಸರು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ಈ ಮಾತಿದೆ. ಕಾಳಗದಲ್ಲಿ ಮೆರೆದ ವಿಜ ಅರಸನಿಗೆ ಹಲ್ಮಿಡಿಯನ್ನೂ ಮೂಳಿವಳ್ಳಿಯನ್ನೂ ಬಾಳ್ಗಳ್ಚಾಗಿ ಕೊಟ್ಟದ್ದೇ ಅದರ ವಿಷಯ. ಕನ್ನಡದ ಮೊದಲ ಶಾಸನ ಎಂದು ನಾವು ಹೆಮ್ಮೆಪಡುವ ಆ ಕಲ್ಲೂ ಮೂಲದಲ್ಲಿ ಒಂದು ಋಣಪತ್ರ.

ಬೆಂಗಳೂರಿನ ಹೆಸರನ್ನು ಬೆಂದಕಾಳೂರಿನ ಕಥೆಯಿಂದ ವಿವರಿಸುವ ರೂಢಿ ನಮ್ಮಲ್ಲಿದೆ. ಬಲ್ಲಾಳರಾಯ, ಮುದುಕಿ, ಬೆಂದ ಕಾಳು, ಎಲ್ಲವೂ ಚಂದ. ಬೆಂಗಳೂರಿನದೇ ಬೇಗೂರಿನ ದೇವಾಲಯದ ಕಲ್ಲು ಆ ಬಲ್ಲಾಳನ ಕಾಲಕ್ಕಿಂತ ಮುನ್ನೂರು ವರ್ಷ ಹಿಂದಿನದು, ಸುಮಾರು ಕ್ರಿ.ಶ. 890ರದ್ದು. ಬೆಂಗಳೂರ ಕಾಳಗದಲ್ಲಿ ನಾಗತ್ತರ ಎಂಬ ನಾಯಕನ ಮನೆಯವನು ಸತ್ತನೆಂದು ಅದು ಹೇಳುತ್ತದೆ. ಕೋಟಿಗೂ ಹೆಚ್ಚು ಜನ ಬಾಳುವ ಮಹಾನಗರದ ಹೆಸರು ಮೊದಲು ದಾಖಲಾದದ್ದು ಒಬ್ಬನ ಸಾವಿನ ಜೊತೆಗೆ.

ಹೆಂಗಸರ ಕಲ್ಲುಗಳನ್ನು ಓದುವಾಗ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ 10ನೆಯ ಶತಮಾನದ ಆರಂಭದ ಒಂದು ಶಾಸನವಿದೆ, ಸಂಖ್ಯೆ ‘ಶಿಕಾರಿಪುರ 219’. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ, ಅಂದರೆ ಆ ನಾಡಿನ ಮುಖ್ಯಸ್ಥನಾಗಿದ್ದ, ಸತ್ತರಸ ನಾಗಾರ್ಜುನ ತೀರಿಕೊಂಡ. ಅವನ ಅಧಿಕಾರವನ್ನು ಹೆಂಡತಿ ಜಕ್ಕಿಯಬ್ಬೆಗೆ ವಹಿಸಿದರು. ಆಕೆ ಎಪ್ಪತ್ತು ಊರುಗಳನ್ನು ನೋಡಿಕೊಂಡಳು. ಕಾಯಿಲೆ ಬಿದ್ದು ಇನ್ನು ಉಳಿಯುವುದಿಲ್ಲ ಎನಿಸಿದಾಗ ಮಗಳನ್ನು ಕರೆದು ಅಧಿಕಾರ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ ಅಧಿಕಾರ ಬಂದದ್ದನ್ನು ಶಾಸನ ಸಹಜವಾಗಿಯೇ ಹೇಳುತ್ತದೆ, ಅಚ್ಚರಿ ಪಡುವುದಿಲ್ಲ. ಅಚ್ಚರಿ ಪಡುವವರು ನಾವು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಕಲ್ಲು ಬೇರೆಯದೇ ಮಾತು. 1057ರ ಕಾಲ, ಚೋಳರ ಆಳ್ವಿಕೆ. ರವಿಗನ ಮಗಳು ದೇಕಬ್ಬೆಯನ್ನು ನವಿಲೆನಾಡಿನ ಏಚನಿಗೆ ಕೊಟ್ಟಿತ್ತು. ಏಚ ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನು ಕೊಂದ. ಅರಸನ ಅಪ್ಪಣೆಯಂತೆ ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಹಾರಲು ಹೊರಟಳು. ಶಾಸನದ ಕವಿ ಆಕೆಯ ನಿಶ್ಚಯವನ್ನು ಹಾಡಿ ಹೊಗಳುತ್ತಾನೆ. ಜೊತೆಗೆ ಇನ್ನೊಂದನ್ನೂ ಮರೆಮಾಚದೆ ಬರೆದಿದ್ದಾನೆ: ತಂದೆ, ತಾಯಿ, ಬಂಧುಗಳು ಬೇಡ ಮಗಳೇ ಎಂದು ತಡೆದರು, ಗೋಗರೆದರು. ಹೀಗೆ ಬೆಂಕಿಗೆ ಹಾರಿದವರಿಗಾಗಿ ನಿಲ್ಲಿಸುವ ಮಾಸ್ತಿಗಲ್ಲಿನ ಮುಂದೆ ಕುಂಕುಮ ಹಚ್ಚಿ ಕೈಮುಗಿಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಂಥ ಸಾವನ್ನು ಹೊಗಳಲು ನನ್ನಿಂದ ಆಗುವುದಿಲ್ಲ. ಬೆಳತೂರಿನ ಕಲ್ಲು ನನಗೆ ಬೇಕಾಗಿರುವುದು ಆ ತಡೆದ ಕೈಗಳಿಗಾಗಿ. ಎಷ್ಟೋ ಮನೆಗಳಲ್ಲಿ ಹೀಗೆ ಅತ್ತು ಬೇಡಿಕೊಂಡವರು ಇದ್ದಿರಬೇಕು. ಬೇರೆ ಮಾಸ್ತಿಗಲ್ಲುಗಳಲ್ಲಿ ಕಾಣುವುದು ಬಹುಮಟ್ಟಿಗೆ ಬಳೆ ತೊಟ್ಟ ಒಂದು ತೋಳು ಮಾತ್ರ.

ಹೆಸರಾಂತರನ್ನೂ ಈ ಕಲ್ಲುಗಳು ಬೇರೆ ಬೆಳಕಿನಲ್ಲಿ ತೋರಿಸುತ್ತವೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಎಂದರೆ ನಮಗೆ ನಾಟ್ಯ, ಬೇಲೂರು, ಶಿಲಾಬಾಲಿಕೆಯರು. ಶ್ರವಣಬೆಳಗೊಳದ ಶಾಸನದಲ್ಲಿ ಆಕೆ ಒಬ್ಬ ತಾಯಿಯ ಮಗಳು. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಾಗ ತಾಯಿ ಮಾಚಿಕಬ್ಬೆ ತಾನಿನ್ನು ಇರಲಾರೆ ಎಂದು ಬೆಳಗೊಳಕ್ಕೆ ಬಂದು, ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ಪಟ್ಟದರಸಿಯ ವೈಭವವನ್ನೆಲ್ಲ ಹೇಳಿ ಮುಗಿಸಿದ ಮೇಲೆ ಉಳಿಯುವುದು ಮಗಳನ್ನು ಕಳೆದುಕೊಂಡ ಆ ತಾಯಿ.

ಇನ್ನು ಕಸುಬಿನವರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮುಂದೆ ಸೋಮನಾಥಪುರದಲ್ಲಿ ಮಲ್ಲಿತಮ್ಮ, ಹೀಗೆ ತಾವು ಕಡೆದ ಮೂರ್ತಿಯ ಪೀಠದಲ್ಲೇ ಹೆಸರು ಬಿಟ್ಟುಹೋದ ರೂವಾರಿಗಳಿದ್ದಾರೆ. ನನಗೆ ತೀರ ಇಷ್ಟವಾದವನು ಕೊಂಡೋಜ. 16ನೆಯ ಶತಮಾನದ ನಡುಭಾಗದಲ್ಲಿ, ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ಆಡಳಿತವೆಲ್ಲ ಅಳಿಯ ರಾಮರಾಯನ ಕೈಯಲ್ಲಿತ್ತು. ಕೊಂಡೋಜ ಅವನ ಕ್ಷೌರಿಕ. ಅವನ ಕೆಲಸಕ್ಕೆ ಮೆಚ್ಚಿ ರಾಮರಾಯ ನಾಡಿನ ಕ್ಷೌರಿಕರ ಮೇಲಿದ್ದ ತೆರಿಗೆಗಳನ್ನು ಬಿಡಿಸಿದ. ಚಿತ್ರದುರ್ಗ ಸೀಮೆಯಲ್ಲೂ ಬಾದಾಮಿಯಲ್ಲೂ ಈ ಮಾತನ್ನು ಕಲ್ಲಿನಲ್ಲಿ ಬರೆಸಿ ನಿಲ್ಲಿಸಿದ್ದಾರೆ. ಒಡೆಯನ ಗಲ್ಲದ ಹತ್ತಿರ ಕತ್ತಿ ಹಿಡಿದು ನಿಂತಿದ್ದ ಮನುಷ್ಯ ತನ್ನೊಬ್ಬನಿಗೆ ಮಾತ್ರ ಅನುಕೂಲ ಮಾಡಿಕೊಂಡು ಸುಮ್ಮನಾಗಬಹುದಿತ್ತು. ಅವನ ಹೆಸರಿನಲ್ಲಿ ಇಡೀ ಕಸುಬಿಗೆ ನೆಮ್ಮದಿ ಸಿಕ್ಕಿತು.

ಕಲ್ಲಿನಲ್ಲಿ ಎಲ್ಲರೂ ಇದ್ದಾರೆ ಎಂದು ಹೇಳಲಾರೆ. ಕಲ್ಲು ನಿಲ್ಲಿಸಲು ಯಾರಾದರೂ ಬೇಕು, ಕೊಡಲು ಭೂಮಿ ಬೇಕು. ಜೀತದವರು, ಆ ದನಗಳನ್ನು ಮೇಯಿಸಿದ ಹುಡುಗರು, ಹೆರಿಗೆಯಲ್ಲಿ ಸತ್ತ ಹೆಂಗಸರು ಇಲ್ಲಿ ಬಹುಪಾಲು ಇಲ್ಲ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಅರಸರನ್ನು ಬದಿಗಿಟ್ಟು ಜನಜೀವನವನ್ನೇ ಹುಡುಕಿದರು. ಆ ದಾರಿಯಲ್ಲಿ ಇನ್ನೂ ಬಹುದೂರ ನಡೆಯುವುದಿದೆ. ಅದಕ್ಕೆ ಮೊದಲು ಕಲ್ಲುಗಳು ಉಳಿಯಬೇಕಲ್ಲ. ನಿಧಿಯಾಸೆಗೆ ಅಗೆದು ಉರುಳಿಸಿದವು, ರಸ್ತೆ ಅಗಲಿಸುವಾಗ ಮಣ್ಣು ಪಾಲಾದವು, ಮೋರಿಗೆ ಚಪ್ಪಡಿಯಾದವು ಬೇಕಾದಷ್ಟಿವೆ. ರೈಸ್ ನೋಡಿ ಬರೆದುಕೊಂಡ ಬೆಂಗಳೂರಿನ ಕಲ್ಲುಗಳಲ್ಲಿ ಹಲವು ಇಂದು ಇಲ್ಲ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯ ತಂಡ ಉಳಿದ ಕಲ್ಲುಗಳನ್ನು ಹುಡುಕಿ, ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿ ದಾಖಲಿಸುತ್ತಿದೆ. ಪಡಿಯಚ್ಚಿನಲ್ಲಿ ಹಿಡಿಯದ ಸವೆದ ಅಕ್ಷರ ಕೂಡ ಕೆಲವೊಮ್ಮೆ ಆ ಯಂತ್ರದ ಬೆಳಕಿಗೆ ಕಾಣುತ್ತದೆ.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಓದಿ ನೋಡಿದರೆ ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಹೊರಗಿಂದ ಬಂದ ದಾಳಿಯನ್ನು ಎದುರಿಸಿ ಹೋರಾಡಿ ಸತ್ತ ಕಿತ್ತಯ್ಯ ಎಂಬುವನ ವೀರಗಲ್ಲು ಅದು. ರೈಸ್ ಅವರ ಬೆಂಗಳೂರು ಸಂಪುಟದಲ್ಲಿ ಆ ಹೆಸರಿಲ್ಲ, ಆಗ ಕಲ್ಲು ಮಣ್ಣಿನೊಳಗಿತ್ತು. ಈಗ ಅದನ್ನು ಹೆಬ್ಬಾಳದಲ್ಲೇ ನಿಲ್ಲಿಸಿ ಮೇಲೊಂದು ಮಂಟಪ ಕಟ್ಟಿದ್ದಾರೆ.