ಹಸು ಸಾಲಕ್ಕೋ, ವಾರಕ್ಕೋ? ಕಟ್ಟುವ ಮೊದಲು ಲೆಕ್ಕ ಹಾಕಿ



ಲಸಿಕೆಗೋ ಕೃತಕ ಗರ್ಭಧಾರಣೆಗೋ ನಿಮ್ಮ ಮನೆಗೆ ಬಂದಾಗ, ಕೆಲಸ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಒಂದು ಪ್ರಶ್ನೆ ಕೇಳುತ್ತೀರಿ: “ಡಾಕ್ಟ್ರೇ, ಇನ್ನೊಂದು ಹಸು ಕಟ್ಟೋಣ ಅಂತಿದ್ದೀನಿ. ಸಾಲ ಮಾಡಿ ತರಲಾ, ಇಲ್ಲಾ ಯಾರದಾದ್ರೂ ವಾರಕ್ಕೆ ಹಿಡ್ಕೊಳ್ಳಲಾ?” ಕೊಟ್ಟಿಗೆ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಹೇಳುವ ಉತ್ತರ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಾರ ಎಂದರೆ ನಿಮಗೆ ಗೊತ್ತೇ ಇದೆ. ಕೆಲವು ಕಡೆ ಪಾಲಿಗೆ ಸಾಕುವುದು ಎನ್ನುತ್ತಾರೆ. ಹಸು ಅವರದು, ಮೇವು ಮತ್ತು ದುಡಿಮೆ ನಿಮ್ಮದು, ಬಂದದ್ದರಲ್ಲಿ ಇಬ್ಬರಿಗೂ ಪಾಲು. ಕೈಯಲ್ಲಿ ಕಾಸಿಲ್ಲದಿದ್ದರೂ ಕೊಟ್ಟಿಗೆಗೆ ಹಸು ಬರುತ್ತದೆ, ಕಂತಿನ ಚಿಂತೆ ಇಲ್ಲ. ಸಾಲದ ಹಸುವಿಗೆ ಕಂತು ಕಟ್ಟಬೇಕು, ಆದರೆ ಹಸುವೂ ಕರುವೂ ನಿಮ್ಮವೇ. ಯಾವುದು ಲಾಭ ಎನ್ನುವುದು ಹಾಲಿರುವ ದಿನಗಳಲ್ಲಿ ತಿಳಿಯುವುದಿಲ್ಲ. ಹಾಲು ಬತ್ತಿದ ದಿನಗಳಲ್ಲಿ ಮತ್ತು ಹಸು ಕೈತಪ್ಪಿದ ದಿನ ತಿಳಿಯುತ್ತದೆ. ಆದ್ದರಿಂದ ಆ ದಿನಗಳನ್ನೂ ಸೇರಿಸಿ ಲೆಕ್ಕ ಹಾಕೋಣ. ಕೆಳಗಿನ ಬೆಲೆಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ಬೆಲೆ ಹಾಕಿಕೊಳ್ಳಿ.

ಸಾಲದ ಹಸು

ಎರಡನೇ ಸೂಲಿನ, ಈಗಷ್ಟೇ ಕರು ಹಾಕಿದ ಮಿಶ್ರತಳಿ ಹಸುವಿಗೆ 80,000 ರೂಪಾಯಿ ಎಂದಿಟ್ಟುಕೊಳ್ಳಿ. ಕೈಯಿಂದ 20,000 ಹಾಕಿ, ಉಳಿದ 60,000ವನ್ನು ವರ್ಷಕ್ಕೆ ಶೇ. 12ರ ಬಡ್ಡಿಗೆ ಮೂರು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 2,000 ರೂಪಾಯಿ.

ಒಂದು ಕರುವಿನಿಂದ ಇನ್ನೊಂದು ಕರುವಿಗೆ 14 ತಿಂಗಳು ಹಿಡಿಯಿತು ಎನ್ನೋಣ. ಅದರಲ್ಲಿ 10 ತಿಂಗಳು ಹಾಲು, ದಿನಕ್ಕೆ ಸರಾಸರಿ 9 ಲೀಟರ್. ಲೀಟರಿಗೆ 35 ರೂಪಾಯಿಯಂತೆ ಒಟ್ಟು 94,500 ರೂಪಾಯಿ. ಪಶು ಆಹಾರ ಹಾಲಿರುವಾಗ ದಿನಕ್ಕೆ ಐದೂವರೆ ಕಿಲೋ, ಬತ್ತಿದಾಗ ಎರಡೂವರೆ ಕಿಲೋ. ಕಿಲೋಗೆ 25 ರೂಪಾಯಿಯಂತೆ 48,750. ವಿಮೆ, ಔಷಧಿ, ಖನಿಜ ಮಿಶ್ರಣಕ್ಕೆ 6,000. ಉಳಿದದ್ದು 39,750. ಅದರಲ್ಲಿ 14 ಕಂತಿಗೆ 28,000 ಹೋದರೆ ಕೈಗೆ 11,750. ಮನೆಯ ಮೇವು ಮತ್ತು ನಿಮ್ಮ ದುಡಿಮೆಯನ್ನು ಇದರಲ್ಲಿ ಹಿಡಿದಿಲ್ಲ. ಕಡಿಮೆ ಎನಿಸುತ್ತದೆ ನಿಜ. ಆದರೆ ಕರು, ಗೊಬ್ಬರ ನಿಮ್ಮದು, ಮೂರು ವರ್ಷದ ನಂತರ ಹಸುವೂ ಪೂರ್ತಿ ನಿಮ್ಮದು.

ಸಾಲದಲ್ಲಿ ಸೋಲುವುದು ಎಲ್ಲಿ? ಹಾಲಿಲ್ಲದ ಆ ನಾಲ್ಕು ತಿಂಗಳಲ್ಲಿ. ಹಸು ಬತ್ತುತ್ತದೆ, ಕಂತು ಬತ್ತುವುದಿಲ್ಲ. ನಾಲ್ಕು ಕಂತಿಗೆ 8,000, ಆಹಾರಕ್ಕೆ 7,500, ಒಟ್ಟು 15,500 ಬೇಕು. ಹಾಲಿರುವ 10 ತಿಂಗಳೂ ಬಟವಾಡೆಯಿಂದ ತಿಂಗಳಿಗೆ 1,550 ರೂಪಾಯಿ ಎತ್ತಿಟ್ಟರೆ ಮಾತ್ರ ಇದು ಸರಿಹೋಗುತ್ತದೆ. ಕರು ಹಾಕಿದ ಮೂರು ತಿಂಗಳೊಳಗೆ ಹಸು ಗಬ್ಬ ಕಟ್ಟಿದರೆ ಈ ಕಾಲವೂ ಕಡಿಮೆಯಾಗುತ್ತದೆ. ಒಂದು ಬೆದೆ ಗಮನಿಸದೆ ಬಿಟ್ಟರೆ 21 ದಿನ ಮುಂದಕ್ಕೆ ಹೋಯಿತು. ಕಂತು, ಆಹಾರ ಸೇರಿ ಸುಮಾರು 2,700 ರೂಪಾಯಿ ನಷ್ಟ.

ಪಶು ಸಂಗೋಪನೆಗೂ ಈಗ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ. ಆದರೆ ಅದು ಮೇವು, ಆಹಾರ, ಔಷಧಿಯಂಥ ನಿತ್ಯದ ಖರ್ಚಿಗೆ, ಹಸು ಕೊಳ್ಳುವುದಕ್ಕಲ್ಲ. ಆ ಹಣದಲ್ಲಿ ಹಸು ತಂದು ಮರುಪಾವತಿಗೆ ಪರದಾಡಬೇಡಿ.

ವಾರದ ಹಸು

ಕರೆಯುವ ಹಸುವನ್ನು ಅರ್ಧ ಹಾಲಿನ ಲೆಕ್ಕಕ್ಕೆ ಹಿಡಿದರೆ ಏನಾಗುತ್ತದೆ ನೋಡಿ. ದಿನಕ್ಕೆ 9 ಲೀಟರಿಗೆ 315 ರೂಪಾಯಿ, ನಿಮ್ಮ ಪಾಲು 157. ಪಶು ಆಹಾರ ನೀವೇ ಹಾಕಿದರೆ 137 ರೂಪಾಯಿ ಖರ್ಚು. ಉಳಿದ 20 ರೂಪಾಯಿಗೆ ನೀವು ಮೇವು ಕೊಯ್ದು, ಸಗಣಿ ಬಾಚಿ, ಎರಡು ಹೊತ್ತು ಹಾಲು ಕರೆದಂತಾಯಿತು. ಅರ್ಧ ಹಾಲು ಕೊಡುವುದಾದರೆ ಪಶು ಆಹಾರದ ಖರ್ಚೂ ಅರ್ಧವಾಗಬೇಕು. ಒಪ್ಪದಿದ್ದರೆ ಬೇಡ ಎನ್ನಿ.

ಹೆಣ್ಣುಗರು ಹಿಡಿದು ಬೆಳೆಸುವ ವಾರದ ಲೆಕ್ಕ ಬೇರೆ. ಆರು ತಿಂಗಳ ಕರು ತಂದು, ಎರಡು ವರ್ಷ ಸಾಕಿ, ಮೊದಲ ಸೂಲಿಗೆ ಬಂದಾಗ 80,000 ಬೆಲೆ ಕಟ್ಟಿದರು. ಅರ್ಧ ಎಂದರೆ ನಿಮಗೆ 40,000. ದಿನಕ್ಕೆ 40 ರೂಪಾಯಿಯಂತೆ ಎರಡು ವರ್ಷಕ್ಕೆ 29,200 ಖರ್ಚಾಗಿದ್ದರೆ ಉಳಿಯುವುದು 10,800. ಕರುವಿನ ಮೊದಲ ಬೆಲೆ 15,000 ಕಳೆದು ಪಾಲು ಮಾಡಿದರೆ 3,300 ಮಾತ್ರ. ಬದುವಿನ ಹುಲ್ಲು, ಮನೆಯ ಮೇವು ಇದ್ದು ಕೈಖರ್ಚು ಕಡಿಮೆ ಇರುವವರಿಗೆ ಇದು ಗಿಟ್ಟುತ್ತದೆ. ಮೇವು ಕೊಂಡು ಹಾಕುವವರಿಗೆ ಗಿಟ್ಟುವುದಿಲ್ಲ.

ಈ ವಾರದಲ್ಲಿ ಒಂದು ಒಳ್ಳೆಯ ದಾರಿಯೂ ಇದೆ. ಪಾಲಾಗುವ ದಿನ ಯಜಮಾನರ ಅರ್ಧ ನೀವೇ ಕೊಟ್ಟು ಹಸು ಉಳಿಸಿಕೊಳ್ಳಬಹುದು. ಆಗ 80,000ದ ಹಸುವಿಗೆ 40,000 ಹೊಂದಿಸಿದರೆ ಸಾಕು. ಅದರ ಗುಣ, ತಿನ್ನುವ ಬಗೆ, ಹಾಕಿಸಿದ ಲಸಿಕೆ ಎಲ್ಲ ನಿಮಗೆ ಗೊತ್ತು. ಸಂತೆಯಲ್ಲಿ ತಂದ ಹಸುವಿಗೆ ಈ ಭರವಸೆ ಇರುವುದಿಲ್ಲ.

ಹಸು ಸತ್ತರೆ ಯಾರ ನಷ್ಟ?

ಒಂದು ಊರಿಗೆ ಮರಣೋತ್ತರ ಪರೀಕ್ಷೆಗೆ ಹೋಗಿದ್ದೆ. ತುಂಬು ಗಬ್ಬದ ಕಡಸು, ಹೊಟ್ಟೆ ಉಬ್ಬರದಿಂದ ರಾತ್ರೋರಾತ್ರಿ ಸತ್ತಿತ್ತು. ಕಿವಿಯೋಲೆ ಇತ್ತು, ವಿಮೆ ಇತ್ತು. ಕಾಗದಕ್ಕೆ ಸಹಿ ಹಾಕಿ ಬಂದೆ. ವಿಮೆ ಹಣ ಯಜಮಾನರ ಖಾತೆಗೆ ಹೋಯಿತು, ಏಕೆಂದರೆ ವಿಮೆ ಇದ್ದದ್ದು ಅವರ ಹೆಸರಿನಲ್ಲಿ. ಎರಡು ವರ್ಷ ಆ ಕಡಸನ್ನು ಸಾಕಿದ ಅಕ್ಕ ಆಸ್ಪತ್ರೆಗೆ ಬಂದು ಕೇಳಿದರು: “ನೀವು ಬರೆದ ಕಾಗದದಲ್ಲಿ ನನ್ನ ಪಾಲು ಎಲ್ಲಿದೆ ಡಾಕ್ಟ್ರೇ?” ಎಲ್ಲೂ ಇರಲಿಲ್ಲ. ಹಸು ಯಾರ ಕೊಟ್ಟಿಗೆಯಲ್ಲಿ ಬೆಳೆಯಿತು ಎಂದು ನಾನೂ ಕೇಳಿರಲಿಲ್ಲ. ಬಾಯಿಮಾತಿನ ವಾರ ಹಸು ಬದುಕಿರುವವರೆಗೆ ಮಾತ್ರ ನಡೆಯುತ್ತದೆ ಎಂದು ನನಗೆ ಅರ್ಥವಾದದ್ದು ಆ ದಿನ.

ಕಾಗದದಲ್ಲಿ ಏನಿರಬೇಕು?

ಸಂಬಂಧಿಕರೇ ಆಗಲಿ, ಪಕ್ಕದ ಮನೆಯವರೇ ಆಗಲಿ, ಇಬ್ಬರು ಸಾಕ್ಷಿಗಳ ಮುಂದೆ ಇವಿಷ್ಟನ್ನು ಬರೆಸಿ:

1. ಕಿವಿಯೋಲೆಯ 12 ಅಂಕಿಯ ಸಂಖ್ಯೆ, ತಂದ ದಿನಾಂಕ, ಆ ದಿನದ ಬೆಲೆ.
2. ಹಾಲು, ಕರು, ಬೆಳೆದ ಬೆಲೆ ಇವುಗಳಲ್ಲಿ ಯಾರಿಗೆ ಎಷ್ಟು.
3. ಪಶು ಆಹಾರ, ಚಿಕಿತ್ಸೆ, ವಿಮೆ ಕಂತಿನ ಖರ್ಚು ಯಾರದು.
4. ಹಸು ಸತ್ತರೆ ವಿಮೆ ಹಣದಲ್ಲಿ ನಿಮ್ಮ ಪಾಲು ಎಷ್ಟು.
5. ಅವಧಿಗೆ ಮುಂಚೆ ಹಸು ವಾಪಸ್ ಕೇಳಿದರೆ ನಿಮಗೆ ಕೊಡಬೇಕಾದ ಹಣ.
6. ಮಾರುವಾಗ ಮೊದಲು ನಿಮ್ಮನ್ನೇ ಕೇಳಬೇಕು ಎನ್ನುವ ಮಾತು.

ಇನ್ನೊಂದು ಮುಖ್ಯ ವಿಷಯ. ವಾರದ ಹಸುವಾದರೂ ನೀವು ಕರೆದ ಹಾಲು ಡೇರಿಯಲ್ಲಿ ನಿಮ್ಮ ಹೆಸರಿಗೇ ಬೀಳಲಿ. ಬೋನಸ್, ಸರ್ಕಾರದ ಪ್ರೋತ್ಸಾಹಧನ, ಸಂಘದಲ್ಲಿ ನಿಮ್ಮ ಸದಸ್ಯತ್ವ ಎಲ್ಲಕ್ಕೂ ಹಾಲು ಹಾಕಿದ ಲೆಕ್ಕವೇ ಆಧಾರ.

ಹಾಗಾದರೆ ಯಾರಿಗೆ ಯಾವುದು?

ಈಗಾಗಲೇ ಒಂದು ಹಸು ಹಾಲು ಕೊಡುತ್ತಿದ್ದು, ಮೇವಿಗೆ ಜಾಗವಿದ್ದು, ತಿಂಗಳ ಕಂತಿನ ಜೊತೆ ಬತ್ತಿದ ಕಾಲಕ್ಕೂ ಎತ್ತಿಡಲು ಆಗುತ್ತದೆ ಎನ್ನುವವರು ಸಾಲ ಮಾಡಿ ಕೊಳ್ಳಿ. ಎರಡೂ ಹಸು ಒಟ್ಟಿಗೆ ಬತ್ತದಂತೆ ನೋಡಿಕೊಳ್ಳಿ. ಇದೇ ಮೊದಲ ಹಸು, ಕೈಯಲ್ಲಿ ಕಾಸಿಲ್ಲ, ಆದರೆ ಮೇವಿದೆ ಎನ್ನುವವರು ಹೆಣ್ಣುಗರುವನ್ನು ವಾರಕ್ಕೆ ಹಿಡಿದು, ಕೊನೆಗೆ ಅದನ್ನೇ ಉಳಿಸಿಕೊಳ್ಳುವ ಗುರಿ ಇಟ್ಟುಕೊಳ್ಳಿ. ಮೇವೂ ಇಲ್ಲ, ಕಾಸೂ ಇಲ್ಲದಿದ್ದರೆ ಈ ವರ್ಷ ಇರುವ ಹಸುವನ್ನೇ ಹೊತ್ತಿಗೆ ಸರಿಯಾಗಿ ಗಬ್ಬ ಕಟ್ಟಿಸಿ. ಅದೇ ದೊಡ್ಡ ಲಾಭ.

ಸಾಲದ್ದಾಗಲಿ ವಾರದ್ದಾಗಲಿ, ಹಣ ಅಥವಾ ಮಾತು ಕೊಡುವ ಮೊದಲು ನಮ್ಮನ್ನು ಕರೆಯಿರಿ. ಕೆಚ್ಚಲು ಬಾವು ಇದೆಯೇ, ಗಬ್ಬ ನಿಜವೇ ಎಂದು ನೋಡಿ, ಕಂದು ರೋಗಕ್ಕೆ ರಕ್ತ ಪರೀಕ್ಷೆಯನ್ನೂ ಮಾಡಿಸೋಣ. ಕರೆಯುವ ಹಸುವಾದರೆ ಮೂರು ಹೊತ್ತು ನಿಮ್ಮೆದುರಿಗೇ ಹಾಲು ಕರೆಸಿ ಅಳೆಯಿರಿ. ವಾರದ ಕಾಗದ ಬರೆಸುವುದಿದ್ದರೆ ಅದನ್ನೂ ತನ್ನಿ, ಕಿವಿಯೋಲೆ ಸಂಖ್ಯೆಯನ್ನು ನಾನೇ ನೋಡಿ ತುಂಬಿಸಿಕೊಡುತ್ತೇನೆ.

— ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ