ಜಲವೇಗದ ಮೊದಲ ಪಾಠ

ವೇಗದ ಮೋಹವು ಮಾನವನಿಗೆ ಸಹಜವಾದುದು. ನೆಲದ ಮೇಲೆ ಕುದುರೆಯನ್ನೂ ಮೋಟಾರನ್ನೂ ಓಡಿಸಿ ತೃಪ್ತನಾಗದೆ ಅವನು ನೀರಿನ ಮೇಲೆಯೂ ಪಂದ್ಯ ಹೂಡಿದನು. ಅಮೆರಿಕದಲ್ಲಿ, ವಿಶೇಷವಾಗಿ ಕ್ಯಾಲಿಫೋರ್ನಿಯಾ ಪ್ರಾಂತದ ಸರೋವರಗಳಲ್ಲಿ, 1950ರ ದಶಕದಿಂದ ಬೆಳೆದುಬಂದ ‘ಡ್ರ್ಯಾಗ್ ಬೋಟ್’ ಸ್ಪರ್ಧೆ ಇಂತಹುದು. ಎರಡು ಮೋಟಾರು ದೋಣಿಗಳು ಅಕ್ಕಪಕ್ಕದಲ್ಲಿ ಹೊರಟು ನೇರವಾದ ಜಲಪಥದಲ್ಲಿ ಗುರಿ ಮುಟ್ಟಬೇಕು, ತಿರುವುಗಳಿಲ್ಲ, ಸುತ್ತುಗಳಿಲ್ಲ. ಪರಂಪರೆಯಿಂದ ಬಂದ ಪಥದ ಉದ್ದ ಕಾಲು ಮೈಲಿ, ಎಂದರೆ 1320 ಅಡಿ. ಮೇಲುನೋಟಕ್ಕೆ ಇದು ಸಾಹಸಿಗಳ ಹುಚ್ಚಾಟವೆಂದು ತೋರಬಹುದು. ಆದರೆ ಇದನ್ನು ಕಲಿಯಬಂದ ಹೊಸಬನಿಗೆ ದೊರೆಯುವ ಮೊದಲ ಪಾಠವೇ ಬೇರೆ.

ದೋಣಿಯನ್ನು ಓಡಿಸುವ ಮುನ್ನ ಅವನು ದೋಣಿಯಿಂದ ಹೊರಬರುವುದನ್ನು ಕಲಿಯಬೇಕು. ತೆರೆದ ದೋಣಿಯ ಚಾಲಕನು ಶಿರಸ್ತ್ರಾಣವನ್ನೂ ತೇಲುವ ರಕ್ಷಾಕವಚವನ್ನೂ ಧರಿಸುತ್ತಾನೆ. ಅವನ ದೇಹಕ್ಕೂ ಇಂಜಿನ್ನಿನ ಗುಂಡಿಗೂ ನಡುವೆ ಒಂದು ಹುರಿಯನ್ನು ಕಟ್ಟಿರುತ್ತಾರೆ. ಅವನು ಹೊರಗೆ ಎಸೆಯಲ್ಪಟ್ಟರೆ ಹುರಿ ಕಳಚಿ ಇಂಜಿನ್ನು ತಾನಾಗಿ ನಿಲ್ಲುತ್ತದೆ. ಅತಿವೇಗದ ದೋಣಿಗಳಲ್ಲಿ ಚಾಲಕನು ಮುಚ್ಚಿದ ಭದ್ರವಾದ ಕೋಶದೊಳಗೆ ಪಟ್ಟಿಗಳಿಂದ ಬಿಗಿದುಕೊಂಡು ಕುಳಿತಿರುತ್ತಾನೆ. ಅದನ್ನು ಏರಬಯಸುವವನನ್ನು ಈಜುಕೊಳದಲ್ಲಿ ಅಂತಹುದೇ ಆಸನಕ್ಕೆ ಬಿಗಿದು ತಲೆಕೆಳಗಾಗಿ ಮುಳುಗಿಸುತ್ತಾರೆ. ಗಾಬರಿಗೊಳ್ಳದೆ ಉಸಿರಾಟದ ಸಾಧನವನ್ನು ಬಳಸಿ, ಪಟ್ಟಿಗಳನ್ನು ಬಿಚ್ಚಿ, ದಾರಿಯನ್ನು ಕೈಯಿಂದಲೇ ತಡವಿ ಮೇಲೆ ಬಂದವನು ಮಾತ್ರ ಅರ್ಹನು.

ಎರಡನೆಯ ಪಾಠ ಕಾಯುವುದು. ಹಿಂದಿನ ಜೋಡಿ ಎಬ್ಬಿಸಿದ ಅಲೆಗಳು ಶಾಂತವಾಗುವವರೆಗೆ ಮುಂದಿನವರು ಹೊರಡುವಂತಿಲ್ಲ. ಗಾಳಿ ಬಲವಾದರೆ ಸ್ಪರ್ಧೆಯೇ ನಿಲ್ಲುತ್ತದೆ. ನೆಲದ ಕಾರಿನಂತೆ ದೋಣಿಯನ್ನು ಗೆರೆಯ ಮೇಲೆ ಬ್ರೇಕು ಹಾಕಿ ನಿಲ್ಲಿಸಲಾಗದು. ಆದುದರಿಂದ ಮಂದಗತಿಯಲ್ಲಿ ಗೆರೆಯತ್ತ ಸಾಗುತ್ತ, ಸಂಕೇತ ದೊರೆತ ಕ್ಷಣಕ್ಕೆ ಸರಿಯಾಗಿ ಅದನ್ನು ದಾಟಬೇಕು. ಒಂದು ಕ್ಷಣ ಮುಂಚೆ ದಾಟಿದವನಿಗೆ ಸೋಲು.

ಬಳಿಕ ಪೂರ್ಣವೇಗ. ದೋಣಿಯ ಮೂತಿ ಮೇಲೆದ್ದು, ಹೊಸಬನ ಕಣ್ಣಿಗೆ ಪಥ ಮರೆಯಾಗಿ ಆಕಾಶ ಕಾಣುತ್ತದೆ. ಹಿಂದೆ ನೀರಿನ ತುರಾಯಿ ಚಿಮ್ಮುತ್ತದೆ. ಮರುಕ್ಷಣದಲ್ಲಿ ಮೂತಿ ಇಳಿದು ದೋಣಿ ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ನೀರಿನ ಸ್ಪರ್ಶ ಕಡಿಮೆಯಾದಷ್ಟೂ ತಡೆ ಕುಗ್ಗಿ ವೇಗ ಹೆಚ್ಚುತ್ತದೆ. ಆದರೆ ಲಾಭವಿರುವಲ್ಲಿಯೇ ಅಪಾಯವೂ ಇದೆ. ನೀರಿನ ಹಿಡಿತ ಸಡಿಲಿದ ದೋಣಿಯ ಕೆಳಗೆ ಗಾಳಿ ನುಗ್ಗಿದರೆ ಅದು ತರಗೆಲೆಯಂತೆ ಹಾರಿ ಮಗುಚಬಹುದು. ಅದಕ್ಕೆಂದೇ ರಕ್ಷಣಾದೋಣಿಗಳೂ ಮುಳುಗುಗಾರರೂ ಸಿದ್ಧರಾಗಿರುತ್ತಾರೆ.

ಗುರಿ ಮುಟ್ಟಿದ ಮೇಲೆ ಮೂರನೆಯ ಪಾಠ. ಹೊಸಬರು ಸಾಮಾನ್ಯವಾಗಿ ಕಾಲ ನಿಗದಿಯಾದ ವರ್ಗಗಳಲ್ಲಿ ಸ್ಪರ್ಧಿಸುತ್ತಾರೆ. ಹತ್ತು ಸೆಕೆಂಡುಗಳ ವರ್ಗದಲ್ಲಿ 9.9 ಸೆಕೆಂಡುಗಳಿಗೇ ಗುರಿ ಸೇರಿದವನು, ಎದುರಾಳಿ ಮಿತಿಯೊಳಗೆ ಇದ್ದರೆ, ಮೊದಲಿಗನಾಗಿಯೂ ಸೋಲುತ್ತಾನೆ. ವೇಗದ ಹಂಬಲದಿಂದ ಬಂದವನಿಗೆ ಅತಿವೇಗದಿಂದಲೇ ಪರಾಜಯವೆಂಬುದು ಅಚ್ಚರಿಯ ಸಂಗತಿ. ತನ್ನ ದೋಣಿಯ ಶಕ್ತಿಯನ್ನು ಅಳೆದು ನಡೆಸಬಲ್ಲವನೇ ಇಲ್ಲಿ ನಿಪುಣನು.

ನಿಪುಣರಿಗೂ ನೀರು ರಿಯಾಯಿತಿ ತೋರದು. ಟೆಕ್ಸಾಸಿನ ಎಡ್ಡಿ ಹಿಲ್ 1982ರಲ್ಲಿ ಗಂಟೆಗೆ 229 ಮೈಲಿ ವೇಗದಲ್ಲಿ ದೋಣಿ ಓಡಿಸಿ ಖ್ಯಾತನಾದನು. 1984ರಲ್ಲಿ ಅರಿಜೋನದಲ್ಲಿ ಸಂಭವಿಸಿದ ಭೀಕರ ಅಪಘಾತದಲ್ಲಿ ಗಾಯಗೊಂಡು ಜಲಸ್ಪರ್ಧೆಯನ್ನು ತೊರೆದನು. ಮುಂದೆ ನೆಲದ ಕಾರುಪಂದ್ಯಕ್ಕೆ ಮರಳಿ, 1988ರಲ್ಲಿ ಕಾಲು ಮೈಲಿಯನ್ನು ಐದು ಸೆಕೆಂಡಿಗೂ ಕಡಿಮೆ ಕಾಲದಲ್ಲಿ, 4.990 ಸೆಕೆಂಡುಗಳಲ್ಲಿ, ಪಿಸ್ಟನ್ ಇಂಜಿನ್ನಿನ ಕಾರಿನಲ್ಲಿ ಕ್ರಮಿಸಿದ ಮೊದಲಿಗನೆನಿಸಿದನು.

ಹೊಸಬನ ಮೊದಲ ಓಟ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅವನು ದಡಕ್ಕೆ ಮರಳುವಾಗ ಕೈಗಳು ನಡುಗುತ್ತಿರುತ್ತವೆ. ಗೆದ್ದನೋ ಸೋತನೋ ಎಂಬುದು ಆಮೇಲಿನ ಮಾತು. ದೋಣಿಯೊಡನೆ ಕ್ಷೇಮವಾಗಿ ಮರಳಿದನೆಂಬುದೇ ಕಲಿಸಿದವರಿಗೆ ಮೊದಲ ಸಮಾಧಾನ.